ಹನ್ನೊಂದನೆಯ ಮನೆಯ ಹಾಳೆ

ನಾನು ಯಾರದಾದರೂ ಮನೆಯ ಮುಂದೆ ನಿಂತರೆ ಒಳಗಿನ ಮಾತು ನಿಲ್ಲುತ್ತದೆ. ಆದ್ದರಿಂದ ನಾನು ನಿಲ್ಲುವುದಿಲ್ಲ. ಚಪ್ಪಲಿ ಕಿತ್ತರೂ ಓಣಿ ಮುಗಿಯುವವರೆಗೆ ಕಾಲೆಳೆದುಕೊಂಡು ಹೋಗಿ, ಬಯಲಲ್ಲಿ ಕೂತು ಸರಿಮಾಡಿಕೊಳ್ಳುತ್ತೇನೆ. ಯಾರ ಅಂಗಳದ ಮರವನ್ನೂ ತಲೆಯೆತ್ತಿ ನೋಡುವುದಿಲ್ಲ. ಸಸ್ಯಶಾಸ್ತ್ರ ಓದಿ ಪದವಿ ಪಡೆದವಳಿಗೆ ಇದು ಹೇಳಿಕೊಳ್ಳುವಂಥ ಅಭ್ಯಾಸವಲ್ಲ. ಆದರೆ ಒಣಹೂವಿನ ಆಫೀಸಿನ ವಾರಿಜಾ ಮರ ನೋಡಿದಳೆಂದರೆ ಆ ಮನೆಯಲ್ಲಿ ಅಂದು ಒಲೆ ಹತ್ತುವುದಿಲ್ಲ.

ನಮ್ಮ ಊರಿನ ಮರಗಳ ಮೇಲೆ, ಕೆಲವೊಮ್ಮೆ ಗೋಡೆಗಳ ಬಿರುಕಿನಲ್ಲಿ, ಸೌಟುಹೂ ಎಂಬ ಕಾಡು ಆರ್ಕಿಡ್ ಅರಳುತ್ತದೆ. ಬೂದಿ ಬಣ್ಣದ ಐದು ಎಸಳು, ನಡುವೆ ಪುಟ್ಟ ಸೌಟಿನಂತೆ ಬಾಗಿದ ತುಟಿ. ಅದು ಅರಳಿದ ನಲವತ್ತೊಂದನೆಯ ದಿನ ಮಧ್ಯಾಹ್ನ ಆ ಮನೆ ಹೋಗುತ್ತದೆ. ಕುಸಿಯುವುದಿಲ್ಲ, ಸುಡುವುದಿಲ್ಲ. ಎಡಗಡೆಯ ಮನೆಗೂ ಬಲಗಡೆಯ ಮನೆಗೂ ನಡುವೆ ಒಂದೇ ಗೋಡೆ ಉಳಿಯುತ್ತದೆ, ಅಷ್ಟೆ. ಒಳಗೆ ಏನಿತ್ತೋ, ಯಾರಿದ್ದರೋ, ಅದೂ ಅವರೂ ಜೊತೆಗೇ ಹೋಗುತ್ತಾರೆ. ಜನ ಮರಗಳನ್ನು ಕಡಿದು ನೋಡಿದ್ದಾರೆ. ಆಗ ಗೋಡೆಯಲ್ಲೇ ಹೆಚ್ಚು ಅರಳಿತು. ಈಗ ಅದರ ಜೊತೆ ಬಾಳುವುದನ್ನು ಕಲಿತಿದ್ದಾರೆ. ನಮ್ಮಲ್ಲಿ ಬಾಗಿಲುಗಳನ್ನು ಎತ್ತಿ ಕಳಚುವ ಹಾಗೆಯೇ ಮಾಡಿಸುತ್ತಾರೆ. ಹೆಣ್ಣು ಕೊಡುವವರು ಮೊದಲು ಹುಡುಗನ ಮನೆಯ ಮರವನ್ನೂ ಗೋಡೆಯನ್ನೂ ನೋಡಿ, ಆಮೇಲೆ ಹುಡುಗನನ್ನು ನೋಡುತ್ತಾರೆ.

ಈ ಹೂವನ್ನು ಕೀಳುವುದು ನಮ್ಮ ಆಫೀಸಿನ ಹುಸೇನಪೀರನ ಕೆಲಸ. ಕಿತ್ತರೂ ಆ ಮನೆ ಉಳಿಯುವುದಿಲ್ಲ, ಆದರೆ ಬಿಟ್ಟರೆ ಬೀಜ ಕಟ್ಟಿ ಗಾಳಿಗೆ ಹಾರಿ ಇನ್ನೂ ನಾಲ್ಕು ಮನೆಗೆ ತಗಲುತ್ತದೆ. ಅವನು ಅರಳಿದ ದಿನವೇ, ಮನೆಯವರು ಏಳುವ ಮೊದಲು ಏಣಿ ಹಾಕಿ, ಬೇರು ಸಮೇತ, ಅಂಟಿದ ತೊಗಟೆಯ ಚೂರಿನ ಸಮೇತ ಎಬ್ಬಿಸಿ ತರುತ್ತಾನೆ. ಮನೆಯವರಿಗೆ ಏನೂ ಹೇಳುವುದಿಲ್ಲ. ಏಕೆಂದರೆ ಥೇಟ್ ಹಾಗೇ ಕಾಣುವ ಇನ್ನೊಂದು ಹೂವಿದೆ. ಅದು ಏನೂ ಮಾಡುವುದಿಲ್ಲ. ಸೌಟಿನೊಳಗೆ ಐದು ಕಂದುಗೆರೆ ಇದ್ದರೆ ಸೌಟುಹೂ, ನಾಲ್ಕಿದ್ದರೆ ಬರೀ ಹೂ. ಗೆರೆ ಸ್ಪಷ್ಟವಾಗಿ ಕಾಣಬೇಕೆಂದರೆ ಗಿಡ ಕಾಗದದ ನಡುವೆ ಹನ್ನೆರಡು ದಿನ ಒಣಗಬೇಕು. ಆಮೇಲೆ ನಾನು ಅದನ್ನು ಹಾಳೆಗೆ ಹೊಲಿದು, ಕೆಳಮೂಲೆಯಲ್ಲಿ ಚೀಟಿ ಅಂಟಿಸುತ್ತೇನೆ: ಸಂಖ್ಯೆ, ಕಿತ್ತ ದಿನ, ಕಿತ್ತವರು, ಯಾವುದರ ಮೇಲೆ ಬೆಳೆದಿತ್ತು, ಎಲ್ಲಿ. ಆ ಚೀಟಿಯ ನಕಲು ಪುರಸಭೆಗೆ ಹೋದರೆ ಆ ಮನೆಯವರಿಗೆ ಹೊಸ ಓಣಿಯಲ್ಲಿ ಮನೆಯೊಂದರ ಬೀಗದ ಕೈ ಸಿಗುತ್ತದೆ. ಚೀಟಿಯಿಲ್ಲದವರಿಗೆ ಹೊಸ ಓಣಿಯೂ ಇಲ್ಲ, ನೆಂಟರ ಮನೆಯೂ ಇಲ್ಲ. ಹೂ ಬಿದ್ದ ಮನೆಯವರನ್ನು ಒಳಗೆ ಕರೆದರೆ ಹೂವೂ ಹಿಂದೆ ಬರುತ್ತದೆಂದು ಯಾರೂ ಬಾಗಿಲು ತೆರೆಯುವುದಿಲ್ಲ.

'ಎಲ್ಲಿ' ಎಂಬ ಜಾಗದಲ್ಲಿ ಬರೆಯುವುದೇ ಕಷ್ಟ. ಮನೆಗೆ ನಂಬರು ಹಾಕಿದರೆ ನಡುವಿನವು ಹೋಗಿ ಗೊಂದಲವಾಗುತ್ತದೆಂದು ಅದನ್ನು ಬಿಟ್ಟು ಬಹಳ ಕಾಲವಾಯಿತು. ಓಣಿಯ ತುದಿಯಿಂದ ಎಣಿಸಿ ಬರೆಯುತ್ತೇವೆ. ಕಿತ್ತ ದಿನಕ್ಕೂ ಚೀಟಿ ಬರೆಯುವ ದಿನಕ್ಕೂ ನಡುವೆ ಅದೇ ಸಾಲಿನ ಮನೆಯೊಂದು ಹೋದರೆ ಎಣಿಕೆಯಲ್ಲಿ ಒಂದು ಕಳೆಯಬೇಕು. ಮರೆಯಬಾರದೆಂದು ಪ್ರತಿ ಓಣಿಗೂ ಒಂದು ತಗಡಿನ ಡಬ್ಬಿ ಇಟ್ಟಿದ್ದೇವೆ. ಮನೆ ಹೋದಾಗ ಅದರೊಳಗೆ ಒಂದು ಹುಣಸೆ ಬೀಜ ಹಾಕುತ್ತೇವೆ. ಚೀಟಿ ಬರೆಯುವಾಗ ಡಬ್ಬಿ ತೆರೆದು, ಬೀಜವಿದ್ದರೆ ಕಳೆದು ಬರೆದು, ಬೀಜವನ್ನು ಎಸೆಯುವುದು ಪದ್ಧತಿ. ಹನ್ನೆರಡು ವರ್ಷಗಳಲ್ಲಿ ನಾನು ತಪ್ಪಿರಲಿಲ್ಲ. ಒಂದೊಂದು ಚೀಟಿಯನ್ನೂ ಮೂರು ಸಲ ಓದಿ, ಮನೆಗೆ ಹೋದ ಮೇಲೆ ನಾಲ್ಕನೆಯ ಸಲ ಬಾಯಲ್ಲಿ ಹೇಳಿಕೊಂಡು, ಮತ್ತೆ ಆಫೀಸಿಗೆ ಓಡಿ ಬಂದು ನೋಡಿದ್ದೂ ಇದೆ.

ಮೂವತ್ತಾರನೆಯ ದಿನ, ಖಾಲಿಯಾದ ಮನೆಯ ಬಾಗಿಲ ಚೌಕಟ್ಟಿನ ಮೇಲೆ ಹಾಳೆಯ ಸಂಖ್ಯೆ ಬರೆದು ಬರಬೇಕು. ಆ ಸಲ ಅದು ಕುಂಬಾರ ಓಣಿ, ಎಡಸಾಲು, ಹನ್ನೊಂದನೆಯ ಮನೆ. ಅಲ್ಲಿದ್ದ ಗಿರಿಜವ್ವ ಮತ್ತು ಅವಳ ಗಂಡ ಹೊಸ ಓಣಿಗೆ ಹೋಗಿ ವಾರವಾಗಿತ್ತು. ಓಣಿಯವರೆಲ್ಲ ಸೇರಿ ಹೋಳಿಗೆ ಮಾಡಿ ಕಳಿಸಿಕೊಟ್ಟಿದ್ದರಂತೆ. ಬಾಗಿಲು, ಕಿಟಕಿ, ಒರಳು ಎಲ್ಲ ಒಯ್ದಿದ್ದರು. ಗೋಡೆಯಲ್ಲಿ ದೇವರ ಗೂಡಿನ ಮಸಿ ಮಾತ್ರ ಇತ್ತು. ನಾನು ಬಳಪದಿಂದ ಸಂಖ್ಯೆ ಬರೆದೆ. ಮನೆ ಖಾಲಿಯೆಂದು ಗೊತ್ತಿದ್ದರಿಂದ, ಎಷ್ಟೋ ದಿನದ ಮೇಲೆ, ನಿಶ್ಚಿಂತೆಯಿಂದ ತಲೆಯೆತ್ತಿ ಅಂಗಳದ ಮರ ನೋಡಿದೆ.

ಅದು ನುಗ್ಗೆ ಮರ. ನಾನು ಚೀಟಿಯಲ್ಲಿ ಬರೆದದ್ದು ಬೇವು.

ಅಂಗಳದಲ್ಲಿ ಬೇರೆ ಮರವಿರಲಿಲ್ಲ. ಎಡಕ್ಕೆ, ಹತ್ತನೆಯ ಮನೆಯಲ್ಲಿ, ಬೇವೊಂದು ಹೆಂಚಿನ ಮೇಲೆ ಪೂರಾ ಬಾಗಿಕೊಂಡಿತ್ತು. ಅದರ ಕೆಳಗೆ ಟಪಟಪನೆ ರೊಟ್ಟಿ ಬಡಿಯುವ ಸದ್ದು. ಅದು ಕಾಶವ್ವನ ಮನೆ. ಊರಿನ ಎರಡು ಹಾಸ್ಟೆಲುಗಳಿಗೆ ರೊಟ್ಟಿ ಹೋಗುವುದು ಅವಳಲ್ಲಿಂದ. ಸದ್ದಿನ ನಡುವೆ ಕೂಸೊಂದು ಅತ್ತಿತು, ಯಾರೋ ಜೋ ಎಂದರು. ನನ್ನ ಕೈಯಲ್ಲಿದ್ದ ಬಳಪ ಬೆವರಿಗೆ ಮೆತ್ತಗಾಯಿತು.

ಆಫೀಸಿಗೆ ಬಂದು ಹುಸೇನಪೀರನ ಕಿಸೆಪುಸ್ತಕ ತೆಗೆದೆ. 'ಕುಂಬಾರ ಓಣಿ, ಎಡ, ಹನ್ನೊಂದು, ಬೇವು.' ಅದೇ ಓಣಿಯಿಂದ ಅದೇ ದಿನ ಕಿತ್ತ ಇನ್ನೊಂದು ಹೂವಿನ ನಮೂದೂ ಇತ್ತು: 'ಎಡ, ಹದಿನೇಳು, ಗೋಡೆ.' ಅದು ನಾಲ್ಕು ಗೆರೆಯದು, ಏನೂ ಮಾಡದ್ದು. ಅದರ ಹಾಳೆ ತೆಗೆದೆ. ಚೀಟಿಯಲ್ಲಿ ಹದಿನಾರು ಎಂದು ನನ್ನದೇ ಅಕ್ಷರ. ಆಗ ಎಲ್ಲ ನೆನಪಾಯಿತು. ಕಿತ್ತ ಐದನೆಯ ದಿನ ಆ ಸಾಲಿನ ನಾಲ್ಕನೆಯ ಮನೆ ಹೋಗಿತ್ತು. ಡಬ್ಬಿಯಲ್ಲಿ ಒಂದು ಬೀಜವಿತ್ತು. ಮೊದಲು ಹದಿನೇಳರ ಚೀಟಿ ಬರೆದೆ, ಒಂದು ಕಳೆದೆ, ಬೀಜ ಎಸೆದೆ, ಚಹಾ ಕುಡಿದು ಬಂದೆ. ಎರಡನೆಯ ಚೀಟಿಗೆ ಡಬ್ಬಿ ತೆರೆದರೆ ಖಾಲಿ. ಹನ್ನೊಂದನ್ನು ಹನ್ನೊಂದೆಂದೇ ಬರೆದೆ. ಮೂರು ಸಲ ಓದಿದ್ದೆ, ಖಂಡಿತ ಓದಿದ್ದೆ. ಬರೆದದ್ದನ್ನು ಓದಿದೆನೇ ಹೊರತು ಎಸೆದದ್ದನ್ನು ನೆನೆಯಲಿಲ್ಲ.

ಕ್ಯೂರೇಟರ್ ಬೆನಕಪ್ಪನವರು ಎರಡೂ ಹಾಳೆಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಅವರು ಕೆಟ್ಟ ಮನುಷ್ಯರಲ್ಲ. ಹಾಳೆಗಳಿಗೆ ಹುಳು ಹತ್ತದಂತೆ ತಾವೇ ಬೇವಿನೆಲೆ ತಂದು ಕಪಾಟುಗಳಲ್ಲಿ ಇಡುವವರು.

"ಮರಾನ ಹುಸೇನಪೀರ ತಪ್ಪು ಬರದಿರಬಹುದಲ್ಲ, ವಾರಿಜಾಬಾಯಿ? ನುಗ್ಗಿ ಅನ್ನೂದಕ್ಕ ಬೇವು ಅಂತ?"

"ತೊಗಟಿ ನೋಡ್ರಿ ಸರ್. ಬೇವಿಂದ ಅದು."

"ಹೂಂ." ಕನ್ನಡಕ ತೆಗೆದರು. "ತಿದ್ದುಚೀಟಿಗೆ ಎರಡು ಸಹಿ ಬೇಕು. ನನ್ನದು, ಸಮಿತಿ ಅಧ್ಯಕ್ಷರದು. ಸಮಿತಿ ಕೂಡೂದು ಬರೋ ತಿಂಗಳ ಒಂದನೇ ತಾರೀಕು."

"ಇನ್ನ ಐದ ದಿನ ಅದಾವ್ರಿ ಆ ಮನಿಗೆ. ಬಾಣಂತಿ ಅದಾಳ ಒಳಗ."

"ಅಧ್ಯಕ್ಷರು ಊರಾಗಿಲ್ಲ." ನನ್ನ ಮುಖ ನೋಡದೆ ಹೇಳಿದರು: "ಒಂದು ಹಾಳಿ ತಪ್ಪು ಅಂತ ಗೊತ್ತಾದ್ರ ನಾಳೆ ಯಾರೂ ಯಾವ ಹಾಳಿಗೂ ಮನಿ ಬಿಡೂದಿಲ್ಲ. ಅದರ ವಿಚಾರಾನೂ ಮಾಡ್ರಿ." ಆ ವಿಚಾರ ನಾನು ಮಾಡಿದ್ದೆ. ಮಾಡಿದ ಮೇಲೂ ಸುಮ್ಮನಿರಲಾಗಲಿಲ್ಲ. ಅವರ ಸಹಿ ಒಂದನ್ನಾದರೂ ಕೇಳಿದೆ. ಒಂದೇ ಸಹಿಯ ಚೀಟಿ ಚೀಟಿಯೇ ಅಲ್ಲ ಎಂದರು. ಅದು ನಿಜ. ಆ ನಿಯಮವನ್ನು ಟೈಪು ಮಾಡಿ ಗೋಡೆಗೆ ಅಂಟಿಸಿದವಳು ನಾನೇ.

ಮರುದಿನ ಕಾಶವ್ವನ ಮನೆಯ ಮುಂದೆ ನಿಂತೆ. ರೊಟ್ಟಿಯ ಸದ್ದು ನಿಂತಿತು. ಕಾಶವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ಐವತ್ತು ದಾಟಿದ, ಅಗಲ ಭುಜದ ಹೆಂಗಸು.

"ಏನ್ರಿ ಹೂವಿನ ಬಾಯಾರ, ಹಾದಿ ತಪ್ಪಿದ್ರೇನು? ನಿಮ್ಮ ಮನಿ ಆ ಕಡೆ ಐತಿ." ಹನ್ನೊಂದನೆಯ ಮನೆಯನ್ನು ತೋರಿಸಿದಳು.

ನಾನು ಹೇಳಬೇಕಾದುದನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದೆ. ಡಬ್ಬಿ, ಬೀಜ, ಹದಿನೇಳು, ಹದಿನಾರು ಎಲ್ಲವನ್ನೂ ಕ್ರಮವಾಗಿ ಹೇಳಿದೆ. ಅವಳು ಕೇಳುತ್ತ ಕೇಳುತ್ತ ಬೆರಳಿನ ಹಿಟ್ಟನ್ನು ಉಜ್ಜಿ ಉಜ್ಜಿ ತೆಗೆದಳು.

"ಚೀಟಿ ಐತೇನು?"

"ಇಲ್ಲ."

"ಹೊಸ ಓಣಿ ಕೀಲಿ?"

"ಅದೂ ಇಲ್ಲ."

"ಅಂದ್ರ ಬರೇ ಬಾಯಿಮಾತು." ಅವಳು ನಕ್ಕಳು, ಆದರೆ ಕಣ್ಣು ಒಂದು ಸಲ ಬೇವಿನ ಕಡೆ ಹೋಗಿ ಬಂತು. "ಗಿರಿಜವ್ವಗ ಹೊಸ ಮನಿ ಸೇರಿಲ್ಲ, ನೀರು ದೂರ ಅಂತ ಅಳಾಕತ್ತಾಳಂತ. ತಿರುಗಿ ಬರಾಕ ನಿಮ್ಮನ್ನ ಕಳಿಸ್ಯಾಳೇನು? ಒಳಗ ನನ್ನ ಮಗಳು ದಾಕ್ಷಿ ಹಡದು ಹದಿನೈದು ದಿನ. ಇಪ್ಪತ್ತೊಂದು ಆಗೂತನಕ ಬಾಣಂತಿ ಬೀದಿ ದಾಟಬಾರದು. ಚೀಟಿ ಇಲ್ಲದ ಎಲ್ಲಿ ಹೋಗ್ಲಿ? ನೀವ ಕಲಿಸೀರಿ ನಮಗ, ಹಾಳಿ ನೋಡಿ ಮನಿ ಬಿಡ್ರಿ, ಮಾತ ಕೇಳಿ ಬಿಡಬ್ಯಾಡ್ರಿ ಅಂತ. ಹಾಳಿ ತರ್ರಿ, ಮಾತಾಡೂಣು."

ಬಾಗಿಲು ಹಾಕಿಕೊಂಡಳು. ನಾನು ಪುರಸಭೆಗೆ ಹೋದೆ. ಗುಮಾಸ್ತರು ಸಹಿ ಎಲ್ಲಿ ಎಂದರು. ಗಿರಿಜವ್ವನ ಹತ್ತಿರ ಹೋಗಿ, ನಾಲ್ಕು ದಿನದ ಮಟ್ಟಿಗೆ ನಿಮ್ಮ ಹೊಸ ಮನೆಯಲ್ಲಿ ಅವರಿಗೆ ಜಾಗ ಕೊಡಿ ಎಂದೆ. ಅವಳ ಗಂಡ, "ಹೂ ಬಿದ್ದವ್ರನ್ನ ಒಳಗ ಕರೀಲೇನು?" ಎಂದು ನನ್ನೆದುರೇ ಹೊಸ್ತಿಲಿಗೆ ನೀರು ಹಾಕಿದ. ಅವರ ಹಳೆಯ ಮನೆಗೆ ಹೂ ಬಿದ್ದೇ ಇರಲಿಲ್ಲವೆಂದು ನಾನು ಹೇಳಿದ್ದು ಅವನ ಕಿವಿಗೆ ಹೋಯಿತೋ ಇಲ್ಲವೋ. ನನ್ನ ಸ್ವಂತ ಮನೆ? ನಾನಿರುವುದು ಬಾಡಿಗೆಯ ಒಂದು ಕೋಣೆಯಲ್ಲಿ, ಊರಿನ ಇನ್ನೊಂದು ತುದಿಗೆ. ಒಡತಿ ನನ್ನನ್ನೇ ಹಿತ್ತಿಲ ಬಾಗಿಲಿನಿಂದ ಬರಹೇಳುತ್ತಾಳೆ.

ಮೂವತ್ತೊಂಬತ್ತನೆಯ ದಿನ ನಾನು ಹಾಳೆಯನ್ನೇ ಕದ್ದೆ. ಬೇರೆ ಪದ ಹುಡುಕಿದೆ, ಸಿಗಲಿಲ್ಲ. ಆಫೀಸಿನಿಂದ ಹಾಳೆ ಹೊರಗೆ ಹೋಗುವ ಹಾಗಿಲ್ಲ. ಅದನ್ನು ಎರಡು ರಟ್ಟಿನ ನಡುವೆ ಇಟ್ಟು, ಹಳೆ ಸೀರೆಯಲ್ಲಿ ಸುತ್ತಿ, ಎದೆಗೆ ಅವಚಿಕೊಂಡು ನಡೆದೆ. ಒಣಗಿದ ಸೌಟುಹೂ ಎಷ್ಟು ಹಗುರವೆಂದರೆ ನಡುವೆ ಎರಡು ಸಲ ಬಿಚ್ಚಿ, ಇದೆಯೋ ಇಲ್ಲವೋ ನೋಡಿದೆ. ಹುಸೇನಪೀರ ಏಣಿ ಹೊತ್ತು ಹಿಂದೆ ಬಂದ.

"ಅಕ್ಕಾರ, ನಾ ಎಣಿಸಿದ್ರಾಗ ತಪ್ಪಿದ್ರ ಈ ಏಣಿ ಮ್ಯಾಲಿಂದ ಬಿದ್ದು ಸಾಯ್ತೀನಿ," ಎಂದ.

"ತಪ್ಪು ನಂದೇ ಹುಸೇನಪೀರ. ನೀ ಬೀಳಬ್ಯಾಡ."

ಕಾಶವ್ವ ಈ ಸಲ ತಮಾಷೆ ಮಾಡಲಿಲ್ಲ. ಎರಡು ದಿನದಲ್ಲಿ ಅವಳೂ ಮರವನ್ನು ಬಹಳ ಸಲ ನೋಡಿರಬೇಕು. ನಾನು ಕತ್ತರಿಯಿಂದ ಹೊಲಿಗೆ ಬಿಡಿಸಿ, ಬೇರಿಗೆ ಅಂಟಿದ್ದ ತೊಗಟೆಯ ಚೂರನ್ನು ಗಿಡ ಸಮೇತ ಅಂಗೈ ಮೇಲಿಟ್ಟು ಹುಸೇನಪೀರನಿಗೆ ಕೊಟ್ಟೆ. ಅವನು ಏಣಿ ಹತ್ತಿ ಮೊದಲ ಕವಲಿನ ಕೆಳಗೆ ಕೈಯಾಡಿಸಿದ. ಅಲ್ಲಿ ಮರ ಹಸಿ ಗಾಯದಂತೆ ಕೆಂಪಾಗಿ, ಅಂಚಿನಲ್ಲಿ ಅಂಟು ಸುರಿದು ಒಣಗಿತ್ತು. ಅವನು ಚೂರನ್ನು ಆ ಗಾಯಕ್ಕೆ ಹಿಡಿದ. ಒಂದು ಬದಿ ತಿರುಗಿಸಿದ. ಆಮೇಲೆ ಕೈ ಬಿಟ್ಟ. ಚೂರು ಬೀಳಲಿಲ್ಲ. ಒಣಗಿ ಕಂದಿದ ಹೂ ಮರದ ಮೇಲೆ ಮತ್ತೆ ಬೆಳೆದ ಹಾಗೆ ನಿಂತಿತ್ತು.

"ಇಳಿಸೋ ಅದನ್ನ," ಎಂದಳು ಕಾಶವ್ವ. ಎರಡನೆಯ ಸಲ ಜೋರಾಗಿ ಹೇಳಿದಳು.

ಒಳಗೆ ಕರೆದು ಕೂಡಿಸಿದಳು. ಗೋಡೆಯುದ್ದಕ್ಕೂ ಒಣರೊಟ್ಟಿಯ ಗಡಿಗೆಗಳು, ಮೂಲೆಯಲ್ಲಿ ಕಾಯಿಸಿದ ಎಣ್ಣೆಯ ವಾಸನೆ, ಪರದೆಯ ಹಿಂದೆ ದಾಕ್ಷಿ. "ನಾನು ಯಾವದರ ಮರದ ಕೆಳಗ ಮಲಕೋತೀನಿ, ನನಗೇನೈತಿ," ಎಂದಳು ಕಾಶವ್ವ. "ಆಕೀನ್ನ, ಕೂಸನ್ನ ಎಲ್ಲಿ ಇಡ್ಲಿ? ಯಾರ ತಗೀತಾರ ಬಾಗಿಲ?"

"ಹನ್ನೊಂದನೇ ಮನಿ ಖಾಲಿ ಐತಿ. ನಡುವಿನ ಬೇಲಿ ಕಿತ್ತರ ಬೀದಿ ದಾಟೂದೂ ಬ್ಯಾಡ."

ಅವಳು ನನ್ನನ್ನು ದಿಟ್ಟಿಸಿದಳು. "ನಿಮ್ಮ ಕೈಲೆ ನೀವ ಬಳಪ ಹಚ್ಚಿ ನಂಬರ ಬರದ ಮನಿ ಅದು."

"ಹೌದು."

"ಇಡೀ ಓಣಿ ಹೇಳತೈತಿ, ನಾಡಿದ್ದ ಮಧ್ಯಾಹ್ನ ಅದು ಹೋಗತೈತಿ ಅಂತ. ಬಾಣಂತೀನ್ನ ಅದರೊಳಗ ಕುಂಡ್ರಸು ಅಂತೀರಿ."

"ನಾನೂ ಬಂದು ಕುಂಡ್ರತೀನಿ," ಎಂದೆ. ಮೊದಲೇ ಯೋಚಿಸಿ ಹೇಳಿದ ಮಾತಲ್ಲ ಅದು. ಪರದೆಯ ಹಿಂದಿನಿಂದ ದಾಕ್ಷಿ ಮೊದಲ ಸಲ ಮಾತಾಡಿದಳು: "ಅವ್ವಾ, ಬಾಯಾರು ಕುಂತ್ರ ನಾನೂ ಕುಂಡ್ರತೀನಿ. ಈ ಮರದ ಕೆಳಗ ಇನ್ನ ನನಗ ನಿದ್ದಿ ಬರೂದಿಲ್ಲ."

ಆ ಎರಡು ರಾತ್ರಿ ನಾನೂ ಮಲಗಲಿಲ್ಲ. ಲೆಕ್ಕ ಸರಿ ಎಂದು ಹತ್ತು ಸಲ ಮನವರಿಕೆ ಮಾಡಿಕೊಳ್ಳುತ್ತಿದ್ದೆ. ಹನ್ನೊಂದನೆಯ ಸಲ ಬೇರೆಯೇ ಒಂದು ಭಯ ಏಳುತ್ತಿತ್ತು. ಹುಸೇನಪೀರ ಇಂಥ ಹೂಗಳನ್ನು ತಿಂಗಳಿಗೆ ಇಪ್ಪತ್ತು ಕೀಳುತ್ತಾನೆ. ಗಿರಿಜವ್ವನ ನುಗ್ಗೆಯ ಮೇಲೆ ಅವನ ಕಣ್ಣಿಗೆ ಬೀಳದ ಇನ್ನೊಂದು ಅರಳಿರಲಿಲ್ಲವೆಂದು ಹೇಳುವವರು ಯಾರು? ಚೀಟಿ ಬರೆಯುವಾಗ ತಪ್ಪಿದವಳು ತಿದ್ದುವಾಗ ತಪ್ಪಲಾರಳೇ? ಕಾಶವ್ವ ನನ್ನನ್ನು ನಂಬಿರಲಿಲ್ಲ, ತೊಗಟೆಯನ್ನು ನಂಬಿದ್ದಳು. ಆದರೆ ಆ ಮನೆಯೊಳಗೆ ಕೂಡಿಸುತ್ತಿರುವುದು ತೊಗಟೆಯಲ್ಲ, ನಾನು.

ನಲವತ್ತೊಂದನೆಯ ದಿನ ಬೆಳಿಗ್ಗೆ ಹುಸೇನಪೀರ ಬೇಲಿ ಕಿತ್ತ. ತೊಟ್ಟಿಲು, ಹಂಚು, ರೊಟ್ಟಿ ಬಡಿಯುವ ಹಲಗೆ, ಹಾಸಿಗೆ, ಒಂದೊಂದೇ ದಾಟಿದವು. ಕಾಶವ್ವ ಬಾಗಿಲು ಕಳಚಿ ಹೊತ್ತು ತಂದು ಹನ್ನೊಂದನೆಯ ಮನೆಯ ಖಾಲಿ ಚೌಕಟ್ಟಿಗೆ ಒರಗಿಸಿದಳು. ರೊಟ್ಟಿಯ ಗಡಿಗೆಗಳಲ್ಲಿ ಅರ್ಧದಷ್ಟು ಬೇವಿನ ಮನೆಯಲ್ಲೇ ಉಳಿದವು. ಎದುರು ಸಾಲಿನವರು ಕಟ್ಟೆಯ ಮೇಲೆ ನಿಂತು ನೋಡುತ್ತಿದ್ದರು, ಯಾರೂ ಹತ್ತಿರ ಬರಲಿಲ್ಲ. ಕಾಶವ್ವನ ಆಚೆ ಪಕ್ಕದವಳು, ಒಂಬತ್ತನೆಯ ಮನೆಯ ತಾರಾಬಾಯಿ, ತನ್ನ ಅಂಗಳದಿಂದಲೇ ಕೂಗಿದಳು: "ಏ ಕಾಶಿ, ತಲಿ ನೆಟ್ಟಗೈತೇನು? ಹೋಗೂ ಮನ್ಯಾಗ ಹೋಗಿ ಕುಂಡ್ರಾಕತ್ತೀಯಲ್ಲ! ಕೂಸಿನ್ನರ ನನ್ನ ಕಡೆ ಕೊಡು!"

"ನಿನ್ನೆ ಕೇಳಿದಾಗ ಬಾಗಿಲ ಹಾಕ್ಕೊಂಡಿ," ಎಂದಳು ಕಾಶವ್ವ. "ಇವತ್ತ ಕೂಸು ಬೇಕೇನು? ಒಳಗ ಹೋಗಿ ಬ್ಯಾಳಿ ಕುದಿಸು ಹೋಗು."

ತಾರಾಬಾಯಿ ಗೊಣಗುತ್ತ ಒಳಗೆ ಹೋದಳು. ನಾವೂ ಒಳಗೆ ಬಂದೆವು. ಹುಸೇನಪೀರ ಕೂಡ ಬರುತ್ತೇನೆಂದ, ನಾನು ಬೇಡವೆಂದೆ. ನಾನು ತಪ್ಪಿದ್ದರೆ ಅದನ್ನು ಹೇಳಲು ಯಾರಾದರೂ ಹೊರಗೆ ಇರಬೇಕಲ್ಲ.

ಬೇವಿನ ಮನೆಯ ಬದಿಯ ಗೋಡೆಗೆ ಬೆನ್ನು ಕೊಟ್ಟು ದಾಕ್ಷಿ ಕೂತಳು, ತೊಟ್ಟಿಲು ಪಕ್ಕದಲ್ಲಿ. ಹದಿನೆಂಟು ಹತ್ತೊಂಬತ್ತರ ಹುಡುಗಿ. ತಲೆಗೆ ಬಿಳಿ ಬಟ್ಟೆ ಬಿಗಿದು ಕಿವಿ ಮುಚ್ಚಿಕೊಂಡಿದ್ದಳು. ಕಾಶವ್ವ ಕೈಕಟ್ಟಿ ನಡುಮನೆಯಲ್ಲಿ ಕೂತಳು. ಕೆಲಸವಿಲ್ಲದ ಅವಳ ಕೈ ಆಗಾಗ ತಾನೇ ಅಲುಗುತ್ತಿತ್ತು. ಬಿಸಿಲು ಹೊಸ್ತಿಲ ತನಕ ಬಂತು, ಹೊಸ್ತಿಲ ಮೇಲೆ ಕಿರಿದಾಯಿತು. ನಾನು ಗೋಡೆಗಳನ್ನು ಒಂದೊಂದಾಗಿ ನೋಡಿದೆ. ಸುಣ್ಣ ಬಿರಿದ ಜಾಗಗಳಲ್ಲೆಲ್ಲ ಬೂದಿ ಬಣ್ಣದ ಎಸಳು ಕಂಡಂತಾಗುತ್ತಿತ್ತು. ಎದ್ದು ಹತ್ತಿರ ಹೋಗಿ ಬೆರಳಿನಿಂದ ಮುಟ್ಟಿ ಬಂದೆ. ಬರೀ ಸುಣ್ಣ.

"ಹೋಗೂಮುಂದ ಏನರ ಗೊತ್ತಾಗತೈತೇನ್ರಿ?" ದಾಕ್ಷಿ ಕೇಳಿದಳು.

"ಗೊತ್ತಿಲ್ಲವ್ವ. ಹೋದವರು ಯಾರೂ ಹೇಳಿಲ್ಲ."

"ಎಂಥಾ ಮಾತಾಡ್ತೀರಿ ಬಾಯಾರ," ಎಂದಳು ಕಾಶವ್ವ. "ಇಷ್ಟ ಓದಿ ಒಂದ ಸುಳ್ಳ ಹೇಳಾಕ ಬರೂದಿಲ್ಲ ನಿಮಗ." ದಾಕ್ಷಿ ಫಕ್ಕನೆ ನಕ್ಕಳು. ನಾನೂ ನಗಲು ನೋಡಿದೆ. ಶಾಲೆಯ ಒಂದು ಗಂಟೆಯ ಬೆಲ್ಲು ಕೇಳಿಸಿತು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ, ಸುತ್ತಿ ಬಿಚ್ಚಿ ಕೂತೆ. ಕೂಸಿಗೆ ಹಸಿವಾಗಿರಬೇಕು, ಮೊದಲು ಸಣ್ಣಗೆ ಕುಂಯ್ಗುಟ್ಟಿ, ಆಮೇಲೆ ಮುಷ್ಟಿ ಬಿಗಿದು ಜೋರಾಗಿ ಅಳತೊಡಗಿತು. ದಾಕ್ಷಿ ತೊಟ್ಟಿಲಿಗೆ ಬಾಗಿದಳು.

ಅವಳ ಬೆನ್ನ ಹಿಂದಿನ ಗೋಡೆಯಿಂದ, ಪಕ್ಕದಲ್ಲೇ ನಿಂತು ಹೇಳಿದಷ್ಟು ಹತ್ತಿರದಿಂದ, ಒಂಬತ್ತನೆಯ ಮನೆಯ ತಾರಾಬಾಯಿಯ ದನಿ ಬಂತು: "ಯವ್ವಾ, ಯಾರ ಕೂಸದು? ನಮ್ಮ ಗ್ವಾಡ್ಯಾಗ ಅಳಾಕತ್ತೈತಲ್ಲ!" ಅವಳ ಒಲೆಯ ಮೇಲೆ ಬೇಳೆ ಕೊತಕೊತ ಕುದಿಯುವುದು ಕೂಡ ಕೇಳುತ್ತಿತ್ತು.

ಕಾಶವ್ವ ಮೊದಲು ಮಗಳನ್ನು ನೋಡಿದಳು, ಆಮೇಲೆ ತೊಟ್ಟಿಲನ್ನು. ನೆಲಕ್ಕೆ ಕೈಯೂರಿ ಎದ್ದು ಗೋಡೆಯ ಹತ್ತಿರ ಹೋಗಿ, ಅಂಗೈ ಅಗಲಿಸಿ ಅದರ ಮೇಲಿಟ್ಟಳು. ಇಡೀ ಒಂದು ಮನೆ, ಒಂದು ಬೇವಿನ ಮರ, ಹಾಸ್ಟೆಲಿಗೆ ಕಳಿಸಬೇಕಿದ್ದ ರೊಟ್ಟಿಯ ಗಡಿಗೆಗಳು ಇದ್ದಲ್ಲಿ ಈಗ ಆ ಒಂದು ಗೋಡೆ ಮಾತ್ರ ಇತ್ತು.

"ನಮ್ಮದ, ತಾರಾ," ಎಂದಳು. "ನಮ್ಮ ದಾಕ್ಷಿದು. ಇಲ್ಲೇ ಅದೀವಿ."

ಆಚೆ ಏನೋ ಪಾತ್ರೆ ಬಿದ್ದ ಸದ್ದಾಯಿತು. ಕಾಶವ್ವ ಹಣೆಯನ್ನು ಗೋಡೆಗೆ ಒತ್ತಿ ಹಾಗೇ ನಿಂತಳು. ಅವಳು ತಿರುಗಿ ನೋಡದೆಯೇ ಹೇಳಿದಳು: "ಬಾಯಾರ, ಇನ್ನ ನೀವು ಹೋಗ್ರಿ. ನಮಗ ಅಳೂದೈತಿ."

ನಾನು ಎದ್ದೆ.